ನಿದ್ದೆಗೆ ಸೂಜಿ, ಡಿಜೆಗೆ ಶಾಲು

ನಿದ್ದೆ ಬಾರದವರಿಗೆ ಉಚಿತ ಅಕ್ಯುಪಂಕ್ಚರ್ ಶಿಬಿರ ಮಂಡ್ಯದಲ್ಲಿ ಭರ್ಜರಿಯಾಗಿ ನಡೆದ ಸುದ್ದಿ ನಿಮಗೆ ಗೊತ್ತೇ ಇರುತ್ತೆ. ಗೊತ್ತಿಲ್ಲ ಅನ್ನೋಕೆ ಆ ಆಟೊ ಬಿಡಬೇಕಲ್ಲ. ವಾರವೆಲ್ಲ ಬೆಳಕು ಹರಿಯೋಕೆ ಮುಂಚೆಯೇ ತಲೆ ಮೇಲೆ ಎರಡು ಮೈಕು ಕಟ್ಟಿಕೊಂಡು ಬೀದಿ ಬೀದಿ ಸುತ್ತಿತು. "ಬಂಧುಗಳೇ, ನಿಮಗೆ ನಿದ್ದೆ ಬರುತ್ತಿಲ್ಲವೇ?" ಬರ್ತಿತ್ತು ಕಣಪ್ಪ, ನೀನು ಬರೋವರೆಗೂ.

ಆದರೂ ಸಂಘಟಕರನ್ನು ಮೆಚ್ಚಲೇಬೇಕು. ಕಾಯಿಲೆಯನ್ನೂ ಮನೆ ಬಾಗಿಲಿಗೇ ತಂದುಕೊಟ್ಟು ಔಷಧಿಗೂ ಕರೆಯುವವರು ಎಷ್ಟು ಜನ ಸಿಗ್ತಾರೆ ಹೇಳಿ. ಹತ್ತು ಗಂಟೆ ಅಂದಿದ್ದ ಉದ್ಘಾಟನೆ ಹನ್ನೆರಡೂವರೆಗೆ ಆಯಿತು. ನಾಡಗೀತೆ, ಸ್ವಾಗತ, ದೀಪ, ಪ್ರಾಸ್ತಾವಿಕ ನುಡಿ, ಆಮೇಲೆ ಸನ್ಮಾನ. ಮೈಸೂರು ಪೇಟ, ಶಾಲು, ಹಣ್ಣಿನ ಬುಟ್ಟಿ. ಸನ್ಮಾನಿತರ ಪೈಕಿ ಶಿಬಿರಕ್ಕೆ ಸೌಂಡ್ ಸಿಸ್ಟಂ ಉಚಿತವಾಗಿ ಕೊಟ್ಟ ದಾನಿಯೂ ಒಬ್ಬರು. ಗಣಪತಿ ಬಿಡೋ ದಿನ ರಾತ್ರಿ ಒಂದೂವರೆವರೆಗೆ ನಮ್ಮ ಕಿಟಕಿ ಗಾಜು ನಡುಗಿಸಿದ್ದೂ ಇದೇ ಪೆಟ್ಟಿಗೆಗಳು. ಜನರ ನಿದ್ದೆಗೆ ಇವರಷ್ಟು ದುಡಿದವರು ಜಿಲ್ಲೆಯಲ್ಲಿ ಇನ್ಯಾರೂ ಇಲ್ಲ. ಶಾಲು ಸರಿಯಾದ ಹೆಗಲಿಗೇ ಬಿತ್ತು.

ಇನ್ನು ಸೂಜಿ ವಿಷಯ. ಕೂದಲೆಳೆಯಷ್ಟು ಸಣ್ಣದು, ಅಂಥಾ ನೋವೇನೂ ಇಲ್ಲ. ಕಿರುಬೆರಳಿನ ನೇರಕ್ಕೆ ಮಣಿಕಟ್ಟಿನ ಗೆರೆ ಮೇಲೆ ಒಂದು, ಅದಕ್ಕೆ ಶೆನ್‌ಮೆನ್ ಅಂತಾರೆ. ಕಿವಿ ಹಿಂದೆ ಒಂದು, ಹುಬ್ಬುಗಳ ನಡುವೆ ಕುಂಕುಮ ಇಡೋ ಜಾಗದಲ್ಲಿ ಒಂದು. ಚುಚ್ಚಿ ಅರ್ಧ ಗಂಟೆ ಸುಮ್ನೆ ಮಲಗಿಸ್ತಾರೆ. ಮುಖ್ಯ ಅತಿಥಿಗಳೂ ಫೋಟೊಗೆ ಮಣಿಕಟ್ಟು ಚಾಚಿದರು. ಫೋಟೊದವನು ಫ್ಲ್ಯಾಶ್ ಬರಲಿಲ್ಲ ಅಂದ, ಇನ್ನೊಂದು ಸಲ ಚುಚ್ಚಿಸಿಕೊಂಡರು. ತ್ಯಾಗ ಅಂದ್ರೆ ಇದು.

ನನಗೆ ನೆನಪಾಗಿದ್ದು ಭೀಷ್ಮ. ಮೈಯೆಲ್ಲಾ ಬಾಣ ನಾಟಿಸಿಕೊಂಡು 58 ರಾತ್ರಿ ಮಲಗಿದ್ದ. ಶೆನ್‌ಮೆನ್ ಏನು, ಅರ್ಜುನ ಒಂದು ಪಾಯಿಂಟೂ ಬಿಟ್ಟಿರಲಿಲ್ಲ. ಅಜ್ಜನಿಗೆ ನಿದ್ದೆ ಬಂತಾ? ಎಲ್ಲಿ ಬಂತು, ಧರ್ಮರಾಯನನ್ನು ಎದುರಿಗೆ ಕೂರಿಸಿಕೊಂಡು ರಾಜಧರ್ಮದಿಂದ ಹಿಡಿದು ದಾನಧರ್ಮದವರೆಗೆ ಮಾತಾಡಿದ್ದೇ ಮಾತಾಡಿದ್ದು. ಆ ಲೆಕ್ಕದಲ್ಲಿ ನಮ್ಮ ಅತಿಥಿಗಳಿಗೆ ಸೂಜಿ ಚುಚ್ಚಿಸಿದ್ದೇ ಅಪಾಯ. ಚುಚ್ಚಿದ ಮೇಲೆ ಮತ್ತೆ ಮೈಕ್ ಕೇಳಿದರು ಕೂಡ.

ಸೂಜಿಯವರ ಮೇಲೆ ನನಗೇನು ಜಗಳ ಇಲ್ಲ. ಕೇಂದ್ರ ಸರ್ಕಾರವೇ 2019ರಲ್ಲಿ ಇದನ್ನು ಸ್ವತಂತ್ರ ಚಿಕಿತ್ಸಾ ಪದ್ಧತಿ ಅಂತ ಒಪ್ಪಿದೆ. ಕೆಲಸ ಮಾಡುತ್ತಾ ಅಂದರೆ, 2012ರಲ್ಲಿ ಕಾಕ್ರೇನ್‌ನವರು, ಅಂದರೆ ವೈದ್ಯಕೀಯ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ತೂಗಿ ನೋಡುವ ಸಂಸ್ಥೆಯವರು, 33 ಪ್ರಯೋಗ, 2293 ಜನರ ಲೆಕ್ಕ ಕೂಡಿಸಿ ನೋಡಿ, ಇಷ್ಟು ಕಳಪೆ ಪ್ರಯೋಗಗಳನ್ನು ನಂಬಿ ಹೌದು ಅನ್ನೋಕೂ ಆಗಲ್ಲ, ಇಲ್ಲ ಅನ್ನೋಕೂ ಆಗಲ್ಲ ಅಂದುಬಿಟ್ಟರು. ಪರೀಕ್ಷೆ ಮಾಡೋಕೆ ಸುಳ್ಳು ಸೂಜಿಯೂ ಇದೆ, ನಾಟಕದ ಚೂರಿ ಥರ ಮೊನೆ ಹಿಡಿಯೊಳಗೆ ಜಾರಿಕೊಳ್ಳುತ್ತೆ, ಚರ್ಮದೊಳಗೆ ಹೋಗಲ್ಲ. ಅದನ್ನು ಒತ್ತಿಸಿಕೊಂಡವರೂ ಕೆಲವರು ಚೆನ್ನಾಗಿ ನಿದ್ದೆ ಬಂತು ಅಂದಿದ್ದಾರೆ. ಅರ್ಧ ಗಂಟೆ ಯಾರೂ ಮಾತಾಡಿಸದೆ, ಫೋನ್ ಕೊಡದೆ ಮಲಗಿಸಿದರೆ ನನಗೂ ಬರುತ್ತೆ ಬಿಡಿ. ಅಮೆರಿಕನ್ ಕಾಲೇಜ್ ಆಫ್ ಫಿಸಿಶಿಯನ್ಸ್ ಅನ್ನೋ ವೈದ್ಯರ ಸಂಘ 2016ರಲ್ಲಿ ಮೊದಲು ಕೊಡಿ ಅಂದಿದ್ದು ಸೂಜಿಯನ್ನೂ ಅಲ್ಲ, ಮಾತ್ರೆಯನ್ನೂ ಅಲ್ಲ. ದಿನಾ ಒಂದೇ ಹೊತ್ತಿಗೆ ಏಳಿ, ನಿದ್ದೆ ಬರದಿದ್ದರೆ ಹಾಸಿಗೆ ಬಿಟ್ಟು ಎದ್ದುಬನ್ನಿ, ನಿದ್ದೆಯ ಬಗ್ಗೆ ತಲೆ ಕೆಡಿಸಿಕೊಳ್ಳೋದು ಬಿಡಿ ಅಂತ ಕೂತು ಕಲಿಸುವ ಚಿಕಿತ್ಸೆ ಅದು. ಅದಕ್ಕೆ ದೀಪ ಬೆಳಗೋಕಾಗಲ್ಲ, ಪೇಟ ತೊಡಿಸೋಕಾಗಲ್ಲ, ಹಾಗಾಗಿ ಶಿಬಿರವೂ ಇಲ್ಲ.

ಇನ್ನೊಂದು ಚಿಕಿತ್ಸೆ 2000ದಿಂದಲೇ ಇದೆ. ಶಬ್ದ ಮಾಲಿನ್ಯ ನಿಯಮ. ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮನೆಗಳಿರೋ ಕಡೆ 45 ಡೆಸಿಬಲ್ ದಾಟಬಾರದು, ಆಸ್ಪತ್ರೆ ಶಾಲೆಗಳ ಸುತ್ತ 100 ಮೀಟರ್ ನಿಶ್ಶಬ್ದ ವಲಯ. ಓದೋಕೆ ಎಷ್ಟು ಹಿತ, ಅಲ್ವಾ? ಈಗ ಕಬ್ಬು ಅರೆಯೋ ಕಾಲದಲ್ಲಿ ಬನ್ನಿ, ಎರಡೆರಡು ಟ್ರೈಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ರಾತ್ರಿ ಎರಡಕ್ಕೆ ಹಾಡು ಹಾಕ್ಕೊಂಡು ಹೋಗುತ್ತೆ. ಅವನನ್ನೂ ಬೈಯೋಕೆ ಮನಸ್ಸು ಬರಲ್ಲ. ಹಾಡು ಇಲ್ಲದಿದ್ದರೆ ಅವನು ಸ್ಟೇರಿಂಗ್ ಮೇಲೇ ತೂಕಡಿಸ್ತಾನೆ. ಡಿಜೆಯವನಿಗೆ ಆ ಕಷ್ಟವೂ ಇಲ್ಲ. ದೂರು ಕೊಟ್ಟು ನೋಡಿ, ಸೌಂಡು ಕಮ್ಮಿ ಆಗೋಕೆ ಮುಂಚೆ ದೂರು ಕೊಟ್ಟಿದ್ದು ಯಾರು ಅಂತ ಮೆರವಣಿಗೆಗೆಲ್ಲ ಗೊತ್ತಾಗಿರುತ್ತೆ.

ಶಿಬಿರದಲ್ಲಿ ನನ್ನ ಪಕ್ಕ ನಾಗಮಂಗಲ ಕಡೆಯ ಒಬ್ಬ ಯಜಮಾನರು ಕೂತಿದ್ದರು. ಹೆಗಲ ಮೇಲೆ ಟವಲು, ಅಂಗಿ ಜೇಬಲ್ಲಿ ಸಣ್ಣ ಟಾರ್ಚು. ಡಾಕ್ಟರು ಎಷ್ಟು ಹೊತ್ತಿಗೆ ಮಲಗ್ತೀರಿ ಅಂದರು.

"ಮಲಗೋದು ಎಲ್ಲಿ ಸಾ? ಮೋಟ್ರಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೊಡೋದೆ ರಾತ್ರಿ ಹನ್ನೊಂದರ ಮೇಲೆ. ಮೋಟ್ರು ಹಾಕಿ ನೀರು ಕಟ್ಟಬೇಕು. ಟ್ರಾನ್ಸ್‌ಫಾರ್ಮರು ಸುಟ್ಟೋದ್ರೆ ಅದೂ ಇಲ್ಲ. ಎಲ್ಲಿ ಚುಚ್ಚಿದ್ರೆ ಹಗಲೊತ್ತು ಕರೆಂಟ್ ಬತ್ತದೆ, ಅಲ್ಲಿ ಚುಚ್ಚಿ."

ಡಾಕ್ಟರು ನಕ್ಕರು. ಚೀಟಿಯಲ್ಲಿ ಎಂಟು ಸಿಟಿಂಗ್ ಅಂತ ಬರೆದುಕೊಟ್ಟರು, ಮೊದಲನೆಯದು ಮಾತ್ರ ಉಚಿತ.

ನಾನು ನಗಲಿಲ್ಲ. ಅರವತ್ತು ದಾಟಿದ ಮನುಷ್ಯ ಹಾವು ಚೇಳು ತುಳಿಯೋ ಕತ್ತಲಲ್ಲಿ ಒದ್ದೆ ಕಾಲಲ್ಲಿ ಸ್ಟಾರ್ಟರ್ ಡಬ್ಬಿ ಮುಟ್ಟಬೇಕು, ಯಾಕಂದ್ರೆ ಹಗಲಿನ ಕರೆಂಟು ಬೇರೆಯವರಿಗೆ ಬೇಕು. ಹಗಲು ಏಳು ಗಂಟೆ ಕೊಡ್ತೀವಿ ಅನ್ನೋ ಭಾಷಣ ಕೇಳಿ ಕೇಳಿ ಸಾಕಾಗಿದೆ. ಅವರಿಗೆ ಇರೋದು ನಿದ್ದೆಯ ಕಾಯಿಲೆ ಅಲ್ಲ ಸ್ವಾಮಿ. ವೇದಿಕೆ ಮೇಲೆ ಪೇಟ ಹಾಕ್ಕೊಂಡು ಕೂತಿದ್ದವರಲ್ಲಿ ಒಬ್ಬರಾದರೂ ಕೆಳಗಿಳಿದು ಬಂದು, ನಿಮ್ಮೂರಿಗೆ ಕರೆಂಟ್ ಬರೋ ಫೀಡರ್ ಲೈನು ಯಾವುದು ಯಜಮಾನ್ರೆ, ಅಂತ ಕೇಳಬಹುದಿತ್ತು. ಅಷ್ಟೊತ್ತಿಗೆ ಊಟದ ಎಲೆ ಹಾಕಿದ್ದರು.