ಹಾಲ್‌ನಿಂದ ವರ್ಗವಾಗಿ ಬಂದ ಟ್ಯೂಬ್‌ಲೈಟು

ನಮ್ಮಲ್ಲಿ ಅಡುಗೆಮನೆಗೆ ಅಂತಲೇ ಯಾರೂ ಲೈಟು ಕೊಳ್ಳುವುದಿಲ್ಲ. ಹಾಲ್‌ಗೆ ಹೊಸದು ಬರುತ್ತದೆ. ಹಾಲ್‌ನದು ರೂಮಿಗೆ ಹೋಗುತ್ತದೆ, ರೂಮಿನದು ಅಡುಗೆಮನೆಗೆ. ಅಲ್ಲಿಂದ ಮುಂದೆ ಬಚ್ಚಲು. ಸರ್ಕಾರಿ ನೌಕರರ ವರ್ಗಾವಣೆ ಇದ್ದ ಹಾಗೆ, ರಿಟೈರ್ಡ್ ಆಗುವ ಹೊತ್ತಿಗೆ ಅಡುಗೆಮನೆಗೆ ಪೋಸ್ಟಿಂಗು. ಎರಡೂ ತುದಿ ಕಪ್ಪಾಗಿ, ಸ್ವಿಚ್ ಹಾಕಿದರೆ ನಾಲ್ಕು ಸಲ ಪಿಳಿಪಿಳಿ ಎಂದು, ಸ್ಟಾರ್ಟರ್ ತಿರುಗಿಸಿದ ಮೇಲೆ ಜುಯ್ ಎಂದು ಉರಿಯುವ ಟ್ಯೂಬ್‌ಲೈಟು ಎಲ್ಲಾದರೂ ಕಂಡರೆ ಅದು ಅಡುಗೆಮನೆಯೇ ಇರಬೇಕು. ಪಟ್ಟಿಯ ಹಿಂದೆ ಒಂದು ಹಲ್ಲಿ ಕಾಯಂ. ಅದು ಸಾರಿನ ಪಾತ್ರೆಗೆ ಬೀಳದ ಹಾಗೆ ತಟ್ಟೆ ಮುಚ್ಚುವುದು ನಮ್ಮ ಜವಾಬ್ದಾರಿ.

ಈ ಸಲ ನಮ್ಮ ಅಡುಗೆಮನೆ ರಿಪೇರಿಗೆ ಬಂದಾಗ ನಾನು ಮೊದಲೇ ಹೇಳಿಬಿಟ್ಟೆ. ಲೈಟು ನಾನೇ ನೋಡಿ ತರುತ್ತೇನೆ, ಯಾವ ಹಳೆಯದೂ ಇಲ್ಲಿಗೆ ಬರಕೂಡದು.

ಮೊದಲು ಜಾಗದ ಮಾತು. ಹೆಚ್ಚಿನ ಮನೆಗಳಲ್ಲಿ ಅಡುಗೆಮನೆಯ ಲೈಟು ಸೂರಿನ ನಟ್ಟನಡುವೆ ಇರುತ್ತದೆ, ಇಲ್ಲವೇ ಬಾಗಿಲ ಮೇಲೆ. ನಾವು ನಿಲ್ಲುವುದು ಕಟ್ಟೆಗೆ ಮುಖ ಮಾಡಿ. ಬೆಳಕು ಬೆನ್ನಿಗೆ, ಹುರುಳಿಕಾಯಿಯ ಮೇಲೆ ನಮ್ಮದೇ ತಲೆಯ ನೆರಳು. ಬಗ್ಗಿದಷ್ಟೂ ನೆರಳು ಜಾಸ್ತಿ. ಇದೆಂಥ ವ್ಯವಸ್ಥೆ ಎಂದು ಯೋಚಿಸಿದರೆ ಒಂದು ಕಾರಣ ಹೊಳೆಯುತ್ತದೆ. ನೆಲದ ಮೇಲೆ ಈಳಿಗೆಮಣೆ ಹಾಕಿಕೊಂಡು ಕೂತು ಹೆಚ್ಚುತ್ತಿದ್ದ ಕಾಲಕ್ಕೆ ನಡುವಿನ ಬಲ್ಬೇ ಸರಿ. ಕೂತವರ ಕೈ, ಮೊರ, ಬುಟ್ಟಿ ಎಲ್ಲ ನಡುವೆಯೇ ಇರುತ್ತಿದ್ದವು. ಆಮೇಲೆ ನಾವು ಎದ್ದು ನಿಂತೆವು, ಒಲೆ ಕಟ್ಟೆ ಏರಿತು, ಗ್ಯಾಸ್ ಬಂತು. ಬಲ್ಬು ಮಾತ್ರ ಇದ್ದಲ್ಲೇ ಉಳಿಯಿತು.

ಹಳೇ ಮನೆಗಳಲ್ಲಿ ಬಲ್ಬಿಗಿಂತ ಸೂರ್ಯನೇ ಜಾಸ್ತಿ ದುಡಿಯುತ್ತಿದ್ದ. ಮಲೆನಾಡಿನ ಹೆಂಚಿನ ಮನೆಗಳಲ್ಲಿ ಒಲೆಯ ಆಸುಪಾಸಿಗೆ ಬೆಳಕು ಬೀಳುವಂತೆ ಒಂದೋ ಎರಡೋ ಗಾಜಿನ ಹೆಂಚು ಹೊದಿಸುತ್ತಿದ್ದರು. ಬಯಲುಸೀಮೆಯ ಮಾಳಿಗೆ ಮನೆಗೆ ಬೆಳಕಿಂಡಿ. ಹಗಲಿಗೆ ಅಷ್ಟು ಸಾಕು. ಸಂಜೆಯಾದ ಮೇಲೆ ನಲವತ್ತು ಕ್ಯಾಂಡಲ್ ಬಲ್ಬು. ಅದಕ್ಕೆ ಹೊಗೆ, ಎಣ್ಣೆಜಿಡ್ಡು ಹತ್ತಿ, ವೋಲ್ಟೇಜೂ ಇಳಿದರೆ ಒಳಗಿನ ತಂತಿ ಕೆಂಪಗೆ ಕಾಣಿಸುತ್ತಿತ್ತೇ ವಿನಾ ಬೆಳಕು ಅನ್ನುವಂಥದ್ದು ಬೀಳುತ್ತಿರಲಿಲ್ಲ. ನಮ್ಮ ಅಜ್ಜಿಯರು ಒಗ್ಗರಣೆಯನ್ನು ಕಿವಿಯಲ್ಲಿ, ಮೂಗಲ್ಲಿ ಮಾಡುತ್ತಿದ್ದರು ಅಂತ ನಾವು ಹೊಗಳುತ್ತೇವಲ್ಲ, ಪಾಪ, ಅವರಿಗೆ ಬೇರೆ ದಾರಿ ಏನಿತ್ತು?

2015ರ ಕೊನೆಯಲ್ಲಿ ರಾಜ್ಯ ಸರ್ಕಾರದವರು ‘ಹೊಸ ಬೆಳಕು’ ಯೋಜನೆಯಲ್ಲಿ 100 ರೂಪಾಯಿಗೆ 9 ವ್ಯಾಟಿನ ಎಲ್‌ಇಡಿ ಬಲ್ಬು ಕೊಟ್ಟರು. ಹಳೇ 60 ವ್ಯಾಟ್ ಬಲ್ಬಿನಷ್ಟೇ ಬೆಳಕು, ಬೆಳಕಿನ ಅಳತೆಯಲ್ಲಿ ಹೇಳಿದರೆ ಸುಮಾರು 800 ಲ್ಯೂಮೆನ್. ಹಾಲ್ ಸುತ್ತಿ ಬರದೆ ನೇರವಾಗಿ ನಮ್ಮ ಅಡುಗೆಮನೆಗೆ ಬಂದ ಮೊದಲ ಬಲ್ಬು ಅದೇ. ಹಾಲ್‌ಗೆ ಅದು ಚೆಂದ ಕಾಣುವುದಿಲ್ಲ ಅನ್ನುವುದೇ ಕಾರಣ, ಇರಲಿ.

ಈಗ ಅಂಗಡಿಗೆ ಹೋದರೆ ಬೆಳಕಿಗೂ ಮೂರು ಬಣ್ಣ. ಡಬ್ಬಿಯ ಮೇಲೆ 3000ಕೆ ಅಂತ ಇದ್ದರೆ ಹಳದಿ, 6500ಕೆ ಅಂದರೆ ನೀಲಿ ಬೆರೆತ ಬಿಳಿ, 4000ಕೆ ಇವೆರಡರ ನಡುವಿನದು. ನಮ್ಮ ಜನಕ್ಕೆ 6500 ಮೇಲೆ ಪ್ರೀತಿ. ‘ಬೆಳ್ಳಗೆ ಬರುತ್ತೆ ಮೇಡಂ’ ಅಂದರೆ ಮುಗಿಯಿತು. ಅದರ ಕೆಳಗೆ ಬೇಳೆಸಾರು ಸಪ್ಪಗೆ ಕಾಣುತ್ತದೆ, ಕೈ ತಾನಾಗಿ ಸಾರಿನಪುಡಿ ಡಬ್ಬಿಗೆ ಹೋಗುತ್ತದೆ. ಹಳದಿ ಬೆಳಕಲ್ಲಿ ಎಲ್ಲವೂ ಅರಿಸಿನ ಹಾಕಿದ ಹಾಗೆ. ಬಿಳಿ ಅವಲಕ್ಕಿಯೂ ಒಗ್ಗರಣೆ ಆಗಿಬಿಟ್ಟಂತೆ ತೋರುತ್ತದೆ. ನನ್ನ ವೋಟು 4000ಕ್ಕೆ.

ಆದರೆ ಡಬ್ಬಿಯ ಮೇಲೆ ಅದಕ್ಕಿಂತ ಮುಖ್ಯವಾದ ಇನ್ನೊಂದು ಸಂಗತಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಸಿಆರ್‌ಐ. ಬಣ್ಣಗಳನ್ನು ಲೈಟು ಎಷ್ಟು ನಿಜವಾಗಿ ತೋರಿಸುತ್ತದೆ ಅನ್ನುವುದರ ಮಾರ್ಕು, 100ಕ್ಕೆ. ನಮ್ಮ ನಲವತ್ತು ಕ್ಯಾಂಡಲ್ ಬಲ್ಬು, ಎಷ್ಟೇ ಮಂಕಾಗಿದ್ದರೂ, ಇದರಲ್ಲಿ ಹತ್ತಿರಹತ್ತಿರ ನೂರಕ್ಕೆ ನೂರು. ಸಾಧಾರಣ ಎಲ್‌ಇಡಿ 80ರ ಆಸುಪಾಸು. 90 ದಾಟಿದ್ದು ಬೇಕೆಂದರೆ ಕೇಳಿ ತರಿಸಬೇಕು, ಬೆಲೆಯೂ ಸ್ವಲ್ಪ ಮೇಲೆ. ಮಾರ್ಕು ಕಡಿಮೆಯಿದ್ದರೆ ಮೊದಲು ಸೊರಗುವುದು ಕೆಂಪು. ನಮ್ಮ ಅಡುಗೆಯೆಲ್ಲ ನಿಂತಿರುವುದೇ ಕೆಂಪಿನ ಮೇಲೆ ಅಲ್ವಾ? ಹುಳಿಪುಡಿಗೆ ಕೊತ್ತಂಬರಿ ಬೀಜ, ಕಡಲೆಬೇಳೆ ಹುರಿಯುವಾಗ ‘ಕೆಂಪಗಾದ ಕೂಡಲೇ ಇಳಿಸು’ ಅನ್ನುತ್ತಾರೆ. ಕೆಂಪಾಗುವುದಕ್ಕೂ ಕರ್ರಗಾಗುವುದಕ್ಕೂ ನಡುವೆ ಎರಡು ಸಲ ಸೌಟು ಆಡಿಸುವಷ್ಟೂ ಹೊತ್ತಿಲ್ಲ. ಆ ಹೊತ್ತಿನಲ್ಲಿ ಬೇಳೆಯ ಬಣ್ಣ ಬೂದಿ ಬೂದಿಯಾಗಿ ಕಂಡರೆ ಏನು ಮಾಡುವುದು?

ಹಾಗಾಗಿ ಚೀಲದಲ್ಲಿ ಒಂದು ಹಿಡಿ ಬ್ಯಾಡಗಿ ಮೆಣಸಿನಕಾಯಿ ಹಾಕಿಕೊಂಡೇ ಅಂಗಡಿಗೆ ಹೋದೆ. ಖಾರಕ್ಕಿಂತ ಬಣ್ಣಕ್ಕೇ ಹೆಸರಾದ ಮೆಣಸಿನಕಾಯಿ, ಪರೀಕ್ಷೆಗೆ ಇದಕ್ಕಿಂತ ಬೇರೆ ಬೇಕಾ? ಒಂದೊಂದೇ ಲೈಟು ಹಾಕಿಸಿ ಕೆಳಗೆ ಹಿಡಿದು ನೋಡಿದೆ. ಒಂದರಲ್ಲಿ ಇಟ್ಟಿಗೆ ಬಣ್ಣ, ಒಂದರಲ್ಲಿ ಮಣ್ಣಿನ ಬಣ್ಣ. 90ರದ್ದು ಹಾಕಿದಾಗ ಆ ಸುಕ್ಕು ಸುಕ್ಕು ಸಿಪ್ಪೆ ಮೇಲೆ ಕಡುಗೆಂಪು ಬಂತು. ಅಂಗಡಿ ಹುಡುಗ ‘ದೃಷ್ಟಿ ತೆಗೀತಿದ್ದೀರಾ ಮೇಡಂ?’ ಅಂದ. ಬಿಲ್ಲು ನೋಡಿ ನನಗೂ ಒಮ್ಮೆ ಹಾಗನ್ನಿಸಿತು.

ತಂದದ್ದು ಉದ್ದನೆಯ ಸ್ಟ್ರಿಪ್ಪು, ಕಟ್ಟೆಯ ಮೇಲಿನ ಕಪಾಟಿನ ಅಡಿಗೆ ಹಾಕುವಂಥದ್ದು. ಅದನ್ನೂ ಕಪಾಟಿನ ಹಿಂದಕ್ಕೆ, ಗೋಡೆಗೆ ಒತ್ತಿ ಹಾಕಬಾರದು. ಮುಂದಿನ ಅಂಚಿಗೆ ಹಾಕಿದರೆ ಬೆಳಕು ಕೈ ಮೇಲೆ ಬೀಳುತ್ತದೆ, ನೆರಳು ಇಲ್ಲ. ಮೇಲೊಂದು ಹಾಲುಬಣ್ಣದ ಮುಚ್ಚಳ ಬೇಕೇ ಬೇಕು. ಇಲ್ಲದಿದ್ದರೆ ಪಾಲಿಶ್ ಮಾಡಿದ ಕಪ್ಪು ಗ್ರಾನೈಟಿನಲ್ಲಿ ಸಾಲು ಸಾಲು ಚುಕ್ಕಿ ಹೊಳೆದು ಕಣ್ಣು ಚುಚ್ಚುತ್ತದೆ. ಜಿಡ್ಡು ಒರೆಸುವುದಕ್ಕೂ ಮುಚ್ಚಳವೇ ಸಲೀಸು. ಕಟ್ಟೆಯ ಮೇಲೆ ಗಾಜಿನ ಬುರುಡೆಗಳನ್ನು ಇಳಿಬಿಡಿ, ಫೋಟೋದಲ್ಲಿ ಸೂಪರ್ ಅಂತ ಒಬ್ಬರು ಹೇಳಿದ್ದರು. ಅವರ ಮನೆಯಲ್ಲಿ ಪೂರಿ ಕರಿಯುವುದಿಲ್ಲ ಅಂತ ಕಾಣುತ್ತದೆ.

ಸ್ಟ್ರಿಪ್ಪು ಕೂರಿಸುವ ದಿನ ಎಲೆಕ್ಟ್ರಿಷಿಯನ್ ಕೇಳಿದ. ‘ಅಕ್ಕಾ, ಯುಪಿಎಸ್‌ಗೆ ಯಾವ್ಯಾವ ಪಾಯಿಂಟ್ ಕೊಡ್ಲಿ?’ ನಾನು ಬಾಯಿ ಬಿಡುವ ಮೊದಲೇ ನಮ್ಮನೆಯವರು ಪಟ್ಟಿ ಒಪ್ಪಿಸಿದರು. ಹಾಲ್ ಲೈಟು, ಹಾಲ್ ಫ್ಯಾನು, ಟಿವಿ, ವೈಫೈ, ರೂಮಿನ ಫ್ಯಾನು.

‘ಅಡುಗೆಮನೆ?’ ಅಂದೆ.

‘ಹಾಲ್ ಬೆಳಕೇ ಅಲ್ಲಿವರೆಗೂ ಬರುತ್ತಲ್ಲ, ಸುಮ್ನೆ ಯಾಕೆ ಬ್ಯಾಟರಿಗೆ ಲೋಡು.’

‘ಆಯ್ತು ಬಿಡಿ. ಕರೆಂಟು ಹೋದಾಗ ನಾನೇ ಹಾಲ್‌ಗೆ ಬಂದು ಚಪಾತಿ ಲಟ್ಟಿಸ್ತೀನಿ. ಟಿವಿ ಮುಂದೆ ಸ್ವಲ್ಪ ಜಾಗ ಬಿಡಿ.’

ಎಲೆಕ್ಟ್ರಿಷಿಯನ್ ಯಾರ ಮುಖವನ್ನೂ ನೋಡದೆ ಏಣಿ ಎತ್ತಿಕೊಂಡು ಬಂದು ಸ್ಟ್ರಿಪ್ಪಿನ ವೈರನ್ನು ಯುಪಿಎಸ್ ಲೈನಿಗೆ ಸೇರಿಸಿದ. ಅವನ ಮನೆಯಲ್ಲೂ ಈ ಮಾತುಕತೆ ನಡೆದಿರಬೇಕು.