ಜಾಲಿ ಕಂಟಿಯ ಮರೆಯಲ್ಲಿ ವೇಗ ಮಿತಿ

ಸಂಚಾರ ದಂಡದ ಬಾಕಿಯ ಮೇಲೆ ಶೇ 50ರಷ್ಟು ರಿಯಾಯಿತಿ ಎಂಬ ಪ್ರಕಟಣೆಯನ್ನು ನಮ್ಮ ರಾಜ್ಯ ಸರ್ಕಾರ 2023ರ ಫೆಬ್ರವರಿಯಲ್ಲಿ ಹೊರಡಿಸಿತ್ತು, 2025ರ ಆಗಸ್ಟ್‌ನಲ್ಲಿ ಮತ್ತೆ ಹೊರಡಿಸಿತು. ಹುಬ್ಬಳ್ಳಿಯ ಬಟ್ಟೆ ಅಂಗಡಿಗಳು ಆಷಾಢದಲ್ಲಿ ಮಾಡುವುದನ್ನೇ ಸರ್ಕಾರವೂ ಮಾಡುತ್ತಿದೆ ಎಂದು ಕೊಂಕು ನುಡಿಯುವವರು ಒಂದು ವ್ಯತ್ಯಾಸವನ್ನು ಗಮನಿಸುವುದಿಲ್ಲ: ಅಂಗಡಿಯವರು ಅರ್ಧ ಬೆಲೆಗೆ ಹಳೆಯ ಸೀರೆಯನ್ನಾದರೂ ಕೊಡುತ್ತಾರೆ, ಸರ್ಕಾರ ಅರ್ಧ ಬೆಲೆಗೆ ಹಳೆಯ ತಪ್ಪನ್ನು ಅಳಿಸಿಕೊಡುತ್ತದೆ. ಚಲನ್ ಬಂದ ವಾರದಲ್ಲೇ ಪೂರ್ತಿ ಹಣ ಕಟ್ಟಿದ ಪ್ರಾಮಾಣಿಕನಿಗೆ ಈ ವ್ಯವಹಾರದಲ್ಲಿ ಸಿಕ್ಕಿದ್ದೇನು ಎಂದು ಕೇಳಬಾರದು. ಅವನಿಗೆ ನೆಮ್ಮದಿಯ ನಿದ್ದೆ ಸಿಕ್ಕಿದೆ. ಮುಖ್ಯಮಂತ್ರಿಗಳ ಅಧಿಕೃತ ಕಾರಿನ ಹೆಸರಿನಲ್ಲೇ ಏಳು ಪ್ರಕರಣಗಳಿದ್ದು, ಅವುಗಳಲ್ಲಿ ಒಂದು ಅತಿವೇಗದ್ದಾಗಿದ್ದು, ಅವೆಲ್ಲವೂ ಇದೇ ರಿಯಾಯಿತಿಯಲ್ಲಿ ಚುಕ್ತಾ ಆದ ಸುದ್ದಿಯನ್ನು ಎಲ್ಲರೂ ಓದಿದ್ದಾರೆ. ಅದರಲ್ಲಿ ತಪ್ಪು ಹುಡುಕುವುದು ಸಣ್ಣತನವಾದೀತು. ಕಾನೂನಿನ ಮುಂದೆ ಎಲ್ಲರೂ ಸಮಾನರು ಎಂಬ ಮಾತು ರಿಯಾಯಿತಿಯ ಅವಧಿಯಲ್ಲಾದರೂ ನಿಜವಾಯಿತಲ್ಲ.

ಮೋಟಾರು ವಾಹನ ಕಾಯ್ದೆಯ ಪ್ರಕಾರ ಅತಿವೇಗಕ್ಕೆ ಲಘು ವಾಹನಗಳಿಗೆ 1000ದಿಂದ 2000 ರೂಪಾಯಿ, ಭಾರಿ ವಾಹನಗಳಿಗೆ 2000ದಿಂದ 4000 ರೂಪಾಯಿ ದಂಡವಿದೆ. ಈ ಕಾಯ್ದೆ ರಸ್ತೆಯ ಮೇಲೆ ಹೇಗೆ ಬಾಳುತ್ತಿದೆ ಎಂಬುದನ್ನು ನೋಡಲು ಹುಬ್ಬಳ್ಳಿಯಿಂದ ಹಾವೇರಿಯ ಕಡೆಗೆ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ಒಮ್ಮೆ ಹೋಗಿ ಬಂದರೆ ಸಾಕು. ಚತುಷ್ಪಥ ಹೆದ್ದಾರಿಯಲ್ಲಿ ಕಾರಿಗೆ 100, ಬಸ್ಸಿಗೆ 90, ಲಾರಿಗೆ 80 ಎಂದು ಕೇಂದ್ರ ಸರ್ಕಾರ 2018ರಲ್ಲಿ ಅಧಿಸೂಚನೆ ಹೊರಡಿಸಿತ್ತು. ರಸ್ತೆ ಬದಿಯ ಫಲಕಗಳು ಮಾತ್ರ ಅದನ್ನು ಓದಿದಂತೆ ಕಾಣುವುದಿಲ್ಲ. 80 ಎಂದ ಫಲಕದ ಬೆನ್ನಿಗೇ 40 ಎನ್ನುವ ಫಲಕ ನಿಂತಿರುತ್ತದೆ, ಆಮೇಲೆ ಯಾವಾಗಲೋ ಮುಗಿದ ಕಾಮಗಾರಿಯ ನೆನಪಿಗೆಂದು ಗುತ್ತಿಗೆದಾರ ಬಿಟ್ಟುಹೋದ 30ರ ಫಲಕ ವಾಲಿಕೊಂಡಿರುತ್ತದೆ. ಇವುಗಳಲ್ಲಿ ಯಾವುದನ್ನು ಪಾಲಿಸಬೇಕೆಂಬ ಗೊಂದಲವನ್ನು ಚಾಲಕರು ಎಂದೋ ಬಗೆಹರಿಸಿಕೊಂಡಿದ್ದಾರೆ. ಅವರು ಪಾಲಿಸುವುದು ಎದುರಿನಿಂದ ಬರುವ ಲಾರಿಯ ಡಿಪ್ಪರನ್ನು. ಡಿಪ್ಪರ್ ಎರಡು ಸಲ ಮಿನುಗಿತೆಂದರೆ ಮುಂದೆ ಜಾಲಿ ಕಂಟಿಯ ಮರೆಯಲ್ಲೋ ಮೇಲ್ಸೇತುವೆಯ ನೆರಳಿನಲ್ಲೋ ವೇಗ ಅಳೆಯುವ ಪೊಲೀಸರ ಇಂಟರ್‌ಸೆಪ್ಟರ್ ವಾಹನ ನಿಂತಿದೆ ಎಂದೇ ಅರ್ಥ. ಚಹಾದಂಗಡಿಯಲ್ಲಿ ಗಾಡಿ ನಿಲ್ಲಿಸಿದವರಿಗೂ ಈ ಸೇವೆ ಉಚಿತವಾಗಿ ದೊರೆಯುತ್ತದೆ: “ಮುಂದ ನಿಂತಾರ ನೋಡ್ರಿ ಅಣ್ಣಾರ, ಸಾವಕಾಶ ಹೋಗ್ರಿ. ದಾಟಿದ ಮ್ಯಾಲ ನಿಮ್ಮದ ರಾಜ್ಯ.” ಸರ್ಕಾರದ ಯಾವ ರಸ್ತೆ ಸುರಕ್ಷತಾ ಸಪ್ತಾಹವೂ ಚಾಲಕರ ಕಾಲನ್ನು ಇಷ್ಟು ಬೇಗ ಬ್ರೇಕಿನ ಮೇಲೆ ಇರಿಸಿದ್ದಿಲ್ಲ. ಹೀಗೆ ನಮ್ಮ ಹೆದ್ದಾರಿಯ ವೇಗ ಮಿತಿ ಒಂದು ಕಂಟಿಯಿಂದ ಶುರುವಾಗಿ, ಕೂಗಳತೆಯ ದೂರ ಜಾರಿಯಲ್ಲಿದ್ದು, ಅಲ್ಲಿಗೇ ಮುಗಿಯುತ್ತದೆ.

ವಿಚಿತ್ರವೆಂದರೆ ಕಾನೂನು ಹೀಗೆ ಅಡಗಿ ಕುಳಿತುಕೊಳ್ಳಲು ಹೇಳಿಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ಸೇರಿಸಿದ 167ಎ ನಿಯಮವು ವಿದ್ಯುನ್ಮಾನ ನಿಗಾ ಇರುವ ಜಾಗಕ್ಕೆ ಮೊದಲೇ ಎಲ್ಲರಿಗೂ ಕಾಣುವಂತೆ ಎಚ್ಚರಿಕೆಯ ಫಲಕ ಇರಬೇಕು, ಉಪಕರಣಕ್ಕೆ ಪ್ರತಿವರ್ಷ ಪ್ರಮಾಣಪತ್ರ ನವೀಕರಿಸಬೇಕು, ತಪ್ಪು ನಡೆದ 15 ದಿನಗಳೊಳಗೆ ನೋಟಿಸ್ ಕಳುಹಿಸಬೇಕು ಎನ್ನುತ್ತದೆ. ಇಂಥ ಉಪಕರಣಗಳನ್ನು ಅಪಾಯದ ಹೆದ್ದಾರಿಗಳಲ್ಲದೆ ಹತ್ತು ಲಕ್ಷ ಮೀರಿದ ಜನಸಂಖ್ಯೆಯ ನಗರಗಳಲ್ಲೂ ರಾಷ್ಟ್ರೀಯ ಶುದ್ಧ ಗಾಳಿ ಕಾರ್ಯಕ್ರಮದ ನಗರಗಳಲ್ಲೂ ಅಳವಡಿಸಬೇಕೆಂದು ಹೇಳಿ, 132 ನಗರಗಳ ಪಟ್ಟಿಯನ್ನೂ ಕೊಟ್ಟಿದೆ. ಆ ಪಟ್ಟಿಯಲ್ಲಿ ಕರ್ನಾಟಕದಿಂದ ಬೆಂಗಳೂರು, ದಾವಣಗೆರೆ, ಕಲಬುರಗಿಯ ಜೊತೆಗೆ ನಮ್ಮ ಹುಬ್ಬಳ್ಳಿ-ಧಾರವಾಡವೂ ಇದೆ. ಗಾಳಿಯ ಗುಣಮಟ್ಟ ಕಾಯ್ದುಕೊಳ್ಳದ ನಗರಗಳ ಸಾಲಿನಲ್ಲಿ ನಾವು ಮೊದಲೇ ಸೇರಿದ್ದೆವಾದ್ದರಿಂದ ಈ ಗೌರವ ನಮಗೆ ತಾನಾಗಿ ಒಲಿದುಬಂದಿದೆ. ಅಂದರೆ ವೇಗದ ಮೇಲೆ ಕಣ್ಣಿಡುವ ಕ್ಯಾಮೆರಾಕ್ಕೆ ನಮ್ಮನ್ನು ಅರ್ಹರನ್ನಾಗಿಸಿದ್ದು ನಮ್ಮ ದೂಳು! ಅಗೆದ ರಸ್ತೆಯನ್ನು ಮುಚ್ಚದೆ, ಮುಚ್ಚಿದ ರಸ್ತೆಯನ್ನು ಮತ್ತೆ ಅಗೆದು, ಊರಿನ ಮೇಲೆ ವರ್ಷವಿಡೀ ಕೆಂಪು ಮೋಡವೊಂದನ್ನು ನಿಲ್ಲಿಸಿದ ಮಹಾನಗರ ಪಾಲಿಕೆಯ ದೂರದೃಷ್ಟಿಯನ್ನು ನಾವು ಇಷ್ಟು ದಿನ ಅರಿಯದೇ ಹೋದೆವು. ಆ ದೂಳಿನಲ್ಲಿ ಕ್ಯಾಮೆರಾಕ್ಕೆ ನಂಬರ್ ಪ್ಲೇಟ್ ಕಾಣುತ್ತದೆಯೇ ಎಂಬುದು ಬೇರೆ ಇಲಾಖೆಗೆ ಸೇರಿದ ಪ್ರಶ್ನೆ. ಜೂನ್ ತಿಂಗಳಲ್ಲಿ ದೂಳು ಅಡಗಿ ಪ್ಲೇಟು ಕಾಣುವಷ್ಟರಲ್ಲಿ ಅದರ ಮೇಲೆ ಕೆಸರು ಮೆತ್ತಿರುತ್ತದೆ.

ಲಾರಿಗಳ ವಿಷಯದಲ್ಲಿ ಇಷ್ಟೆಲ್ಲ ಕಷ್ಟವೇ ಬೇಡವೆಂದು 80 ಕಿಲೊಮೀಟರ್ ದಾಟದಂತೆ ಸ್ಪೀಡ್ ಗವರ್ನರ್ ಕಡ್ಡಾಯ ಮಾಡಿದ್ದಾರೆ. ರಾಣೆಬೆನ್ನೂರಿನ ಅಭಯಾರಣ್ಯದ ಕೃಷ್ಣಮೃಗ ಜೀವ ಉಳಿಸಿಕೊಳ್ಳಲು ಓಡುವ ವೇಗವೂ ಹೆಚ್ಚುಕಡಿಮೆ ಅಷ್ಟೇ. ಗಾಡಿಯ ಅರ್ಹತಾ ಪತ್ರಕ್ಕೆಂದು ಎಫ್‌ಸಿಗೆ ಹೋಗುವ ದಿನ ಗವರ್ನರ್ ಜೀವಂತವಾಗಿರುತ್ತದೆ, ಮರುದಿನ ಅದರ ವೈರು ತುಂಡಾಗುತ್ತದೆ. ಕೃಷ್ಣಮೃಗಕ್ಕೆ ಇಂಥ ಅನುಕೂಲವಿಲ್ಲ.

ಇನ್ನು ಫಾಸ್ಟ್ಯಾಗ್. ಬಂಕಾಪುರದ ಟೋಲ್ ನಾಕಾ ದಾಟಿದ ಗಾಡಿ ರಾಣೆಬೆನ್ನೂರಿನ ಆಚೆ ಚಳಗೇರಿಯ ನಾಕಾವನ್ನು ಎಷ್ಟು ಹೊತ್ತಿಗೆ ದಾಟಿತು ಎಂಬುದು ಗಂಟೆ, ನಿಮಿಷ, ಸೆಕೆಂಡಿನ ಸಮೇತ ದಾಖಲಾಗುತ್ತದೆ. ಎರಡು ನಾಕಾಗಳ ನಡುವಿನ ದೂರ ಎಂದೂ ಬದಲಾಗುವುದಿಲ್ಲ. ದೂರವನ್ನು ಕಾಲದಿಂದ ಭಾಗಿಸಿದರೆ ಸರಾಸರಿ ವೇಗ ಸಿಗುತ್ತದೆ ಎಂಬುದನ್ನು ನಮ್ಮ ಕನ್ನಡ ಶಾಲೆಯ ಮಕ್ಕಳೂ ಬಲ್ಲರು. ಕಣ್ಣು ಮಿಟುಕಿಸುವಷ್ಟರಲ್ಲಿ ನಮ್ಮ ಖಾತೆಯಿಂದ ಹಣ ಕಳೆಯುವ ಯಂತ್ರಕ್ಕೆ ವ್ಯವಕಲನ ಮಾತ್ರ ಬರುತ್ತದೆ, ಭಾಗಾಕಾರ ಇನ್ನೂ ಕಲಿಸಿಲ್ಲ. ಕಲಿಸಿದರೆ ಬಿಸಿಲಲ್ಲಿ ಕಂಟಿಯ ಮರೆಯಲ್ಲಿ ನಿಲ್ಲುವ ಪೊಲೀಸರಿಗೆ ಬಿಡುವು ಸಿಕ್ಕೀತು, ವೇಗ ಮಿತಿ ಇಡೀ ರಸ್ತೆಗೆ ಅನ್ವಯವಾದೀತು. ಅಷ್ಟು ದೊಡ್ಡ ಅನಾಹುತಕ್ಕೆ ಯಾರು ಹೊಣೆ?

ಇಷ್ಟು ಹೊತ್ತು ಹೊಗಳಿದ್ದು ಸಾಕು. ಹುಬ್ಬಳ್ಳಿ-ಧಾರವಾಡ ಬೈಪಾಸ್ ಮೂವತ್ತು ಕಿಲೊಮೀಟರ್‌ನಷ್ಟು ಉದ್ದ ನಡುವೆ ವಿಭಜಕವೇ ಇಲ್ಲದ ದ್ವಿಪಥವಾಗಿ, ಎರಡೂ ತುದಿಯ ಚತುಷ್ಪಥದಿಂದ ಬಂದ ಗಾಡಿಗಳನ್ನು ಮುಖಾಮುಖಿ ನಿಲ್ಲಿಸುತ್ತ, ಸುಂಕ ಮಾತ್ರ ತಪ್ಪದೆ ವಸೂಲು ಮಾಡುತ್ತ ವರ್ಷಾನುಗಟ್ಟಲೆ ಉಳಿಯಿತು. 2021ರ ಜನವರಿ 15ರಂದು ಇಟ್ಟಿಗಟ್ಟಿಯ ಬಳಿ, ಸಂಕ್ರಾಂತಿಯ ಮರುದಿನ, ದಾವಣಗೆರೆಯಿಂದ ಗೋವಾಕ್ಕೆ ಹೊರಟಿದ್ದ ಗೆಳತಿಯರ ಟೆಂಪೊ ಟ್ರಾವೆಲರ್‌ಗೆ ಟಿಪ್ಪರ್ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಮಂದಿ ಸತ್ತರು. ಷಟ್ಪಥದ ಕಾಮಗಾರಿಗೆ ಅಡಿಗಲ್ಲು ಬಿದ್ದದ್ದು ಅದಾದ ಮರುವರ್ಷ. ಆ ರಸ್ತೆಯಲ್ಲಿ ಯಾವ ಕ್ಯಾಮೆರಾ ಯಾರ ವೇಗವನ್ನು ಅಳೆದಿದ್ದರೂ ನಡುವೆ ಒಂದು ಗೋಡೆಯಿಲ್ಲದ ಕೊರತೆಯನ್ನು ಅದು ತುಂಬುತ್ತಿರಲಿಲ್ಲ. 2024ರ ಜೂನ್ 28ರ ನಸುಕಿನಲ್ಲಿ ಬ್ಯಾಡಗಿ ತಾಲ್ಲೂಕಿನ ಗುಂಡೇನಹಳ್ಳಿ ಕ್ರಾಸ್ ಹತ್ತಿರ, ದೇವರ ದರ್ಶನ ಮುಗಿಸಿ ಭದ್ರಾವತಿ ಕಡೆಯ ಊರಿಗೆ ಮರಳುತ್ತಿದ್ದ ಜನರ ಗಾಡಿ ರಸ್ತೆಯಲ್ಲಿ ನಿಂತಿದ್ದ ಲಾರಿಗೆ ಬಡಿದು 13 ಜನ ಸತ್ತರು. ಹೆದ್ದಾರಿಯಲ್ಲಿ ಅಪಾಯವಾಗುವಂತೆ ಗಾಡಿ ನಿಲ್ಲಿಸುವುದನ್ನು ಮೋಟಾರು ವಾಹನ ಕಾಯ್ದೆಯ 122ನೇ ಸೆಕ್ಷನ್ ನಿಷೇಧಿಸಿದೆ. ಆದರೆ ನಿಂತ ಲಾರಿಯ ವೇಗ ಸೊನ್ನೆ, ಸೊನ್ನೆ ಯಾವ ಮಿತಿಯನ್ನೂ ಮೀರುವುದಿಲ್ಲ, ಆದ್ದರಿಂದ ರಾಡಾರ್ ಗನ್ನಿನ ಕಣ್ಣಿಗೆ ಅದಕ್ಕಿಂತ ಕಾನೂನುಪಾಲಕ ವಾಹನ ಮತ್ತೊಂದಿಲ್ಲ. ಹಿಂದೆ ದೀಪವಿಲ್ಲದೆ, ಪ್ರತಿಫಲಕ ಪಟ್ಟಿಯಿಲ್ಲದೆ, ಮೋಟೆಬೆನ್ನೂರಿನ ಆಸುಪಾಸಿನಲ್ಲೂ ಶಿಗ್ಗಾವಿಯ ಆಸುಪಾಸಿನಲ್ಲೂ ಇಂದು ರಾತ್ರಿಯೂ ಅಂಥವು ನಿಂತಿರುತ್ತವೆ. ಸುಂಕ ವಸೂಲು ಮಾಡುವವರ ಹೊಣೆಯಲ್ಲಿ ಹೆದ್ದಾರಿ ಗಸ್ತೂ ಸೇರಿದೆ. ರಾತ್ರಿ ಎರಡು ಗಂಟೆಗೆ ಆ ಗಸ್ತು ಎಲ್ಲಿರುತ್ತದೆ ಎಂದು ಜಿಲ್ಲಾಡಳಿತ ಒಮ್ಮೆ ಲಿಖಿತವಾಗಿ ಕೇಳಲಿ, ಉತ್ತರವನ್ನು ಟೋಲ್ ನಾಕಾದ ಗೋಡೆಗೆ ಅಂಟಿಸಲಿ.