ಸ್ಪಷ್ಟನೆ: ಟೆಂಡರ್ ಪಾಸ್ ಮಾಡುವುದು ಆಡಿಟರ್ ಕೆಲಸವಲ್ಲ

‘ಆಡಿಟರ್ ಸಹಿ ಇಲ್ಲದೆ ಯಾವ ಸರ್ಕಾರಿ ಖರೀದಿಯೂ ನಡೆಯಲ್ಲ, ಹಾಗಾಗಿ ಅಕ್ರಮವಾದರೆ ಅವರೂ ಪಾಲುದಾರರು’ ಎಂಬ ಸಂದೇಶ ಹರಿದಾಡುತ್ತಿದೆ. ಇದು ಸರಿಯಲ್ಲ.

ಟೆಂಡರ್ ಕರೆಯುವುದು, ದರ ಹೋಲಿಸುವುದು, ಗುತ್ತಿಗೆ ಕೊಡುವುದು ಎಲ್ಲ ಇಲಾಖೆಯ ಕೆಲಸ. ಸರ್ಕಾರದ ಆಡಿಟರ್ ಸಾಮಾನ್ಯವಾಗಿ ಬರುವುದು ಆಮೇಲೆ. ತಾನೇ ಒಪ್ಪಿಗೆ ಕೊಟ್ಟದ್ದನ್ನು ತಾನೇ ತಪಾಸಣೆ ಮಾಡಿದರೆ ಅದನ್ನು ಯಾರು ನಂಬುತ್ತಾರೆ, ಅಲ್ವಾ?

ಆದರೆ ಈ ಮಾತು ಸುಮ್ನೆ ಹುಟ್ಟಿದ್ದಲ್ಲ. ಪೋರ್ಚುಗಲ್‌ನಂಥ ದೇಶದಲ್ಲಿ ಒಂದು ಮೊತ್ತ ಮೀರಿದ ಗುತ್ತಿಗೆಗಳನ್ನು ಲೆಕ್ಕಪರಿಶೋಧನಾ ನ್ಯಾಯಾಲಯ ಮೊದಲೇ ನೋಡುತ್ತದೆ. ಎಲ್ಲ ಕಡೆ ಹಾಗಿಲ್ಲ.

‘ಆಡಿಟರ್ ಬಿಲ್ ಮಾತ್ರ ನೋಡ್ತಾರೆ’ ಎನ್ನುವುದೂ ಅರ್ಧ ಸತ್ಯ. ಸರ್ಕಾರಿ ಲೆಕ್ಕಪರಿಶೋಧನೆಯ ಮೂಲ ತತ್ವಗಳನ್ನು ಹೇಳುವ 1977ರ ಲಿಮಾ ಘೋಷಣೆ ಗುತ್ತಿಗೆ, ಕಾಮಗಾರಿಗಳ ಬಗ್ಗೆ ಬೇರೆಯಾಗಿಯೇ ಮಾತಾಡುತ್ತದೆ. ಹಣ ಪಾವತಿ ಸರಿಯೇ ಎಂದಷ್ಟೇ ಅಲ್ಲ, ಕೆಲಸದ ಗುಣಮಟ್ಟವನ್ನೂ ನೋಡಬೇಕು. ಬಹಿರಂಗ ಟೆಂಡರ್ ಕರೆಯದಿದ್ದರೆ ಕಾರಣ ಏನೆಂದು ಪತ್ತೆ ಮಾಡಬೇಕು. ನನಗೆ ಎಲ್ಲಕ್ಕಿಂತ ಮುಖ್ಯ ಅನಿಸುವುದು ಇದೇ. ದೊಡ್ಡ ಖರೀದಿಯನ್ನು ಚೂರು ಚೂರು ಮಾಡಿ ಟೆಂಡರ್ ಮಿತಿಯೊಳಗೆ ತರುವುದು, ಒಬ್ಬನಿಗೇ ಹೊಂದುವ ಷರತ್ತು ಬರೆಯುವುದು, ಕೊನೇ ಗಳಿಗೆಯಲ್ಲಿ ‘ತುರ್ತು’ ಎನ್ನುವುದು: ಇಂಥ ಹಳೇ ಆಟಗಳು ಸಿಕ್ಕಿಬೀಳುವುದು ಕಡತ ತಿರುವಿದಾಗಲೇ.

ಇನ್ನು ಶಿಕ್ಷೆಯ ವಿಷಯ. ಆಡಿಟ್ ವರದಿ ಅನೇಕ ದೇಶಗಳಲ್ಲಿ ಸಂಸತ್ತಿಗೆ ಹೋಗುತ್ತದೆ. ಅಪರಾಧದ ತನಿಖೆ ಬೇರೆಯವರ ಕೆಲಸ.